ಹಾಸ್ಟೆಲಿಗೆ ಹೆಂಚು ಹೊದಿಸಿದ ಕರಾರು

ಮೂಡುಬಿದಿರೆಯಲ್ಲಿ ಹಳ್ಳಿಯ ಬಡ ಹೆಣ್ಣುಮಕ್ಕಳಿಗೆಂದು ಊರವರು ಅಕ್ಕಿ, ತೆಂಗಿನಕಾಯಿ ಕೂಡಿಸಿ ನಡೆಸುತ್ತಿದ್ದ ಒಂದು ಧರ್ಮದ ಹಾಸ್ಟೆಲ್ ಇತ್ತು. ಅದರ ಸಮಿತಿಗೆ ನನ್ನ ಅಪ್ಪ ಅಧ್ಯಕ್ಷರು. ಐವತ್ತರ ದಶಕದ ಕೊನೆಗೆ ಮುಳಿಹುಲ್ಲಿನ ಮಾಡು ಕುಸಿದಾಗ, ಹೆಂಚು ಹೊದಿಸಲು ಬೆಳ್ತಂಗಡಿ ಕಡೆಯ ಧಣಿಯೊಬ್ಬರು ಬಡ್ಡಿಯಿಲ್ಲದೆ ಸಾಲ ಕೊಟ್ಟರು. ಕರಾರುಪತ್ರವನ್ನು ವೀಳ್ಯದ ಹರಿವಾಣದಲ್ಲಿಟ್ಟು ಮುಂದೆ ನೂಕಿದರಂತೆ. ಹರಿವಾಣದಲ್ಲಿ ಬಂದದ್ದನ್ನು ಕೊಟ್ಟವರ ಎದುರಿಗೇ ಬಿಡಿಸಿ ಓದಿದರೆ, ನಮ್ಮಲ್ಲಿ, ಅವರನ್ನು ನಂಬಲಿಲ್ಲ ಎಂದ ಹಾಗೆ. ಊರಿನ ಜಗಳಕ್ಕೆಲ್ಲ ನ್ಯಾಯ ಹೇಳುವ ಅಪ್ಪ ಎಲೆ ಮಡಚಿ ಬಾಯಿಗಿಟ್ಟು, ಓದದೆ ರುಜು ಹಾಕಿ ಮರ್ಯಾದೆ ಉಳಿಸಿಕೊಂಡರು. ಸಮಿತಿಯವರೂ ಹಿಂದಿನಿಂದ ಹಾಕಿದರು.

ಹಾಸ್ಟೆಲಿನಲ್ಲಿ, ಹತ್ತಿರವೆಲ್ಲೂ ಹೈಸ್ಕೂಲಿಲ್ಲದ ಕಕ್ಕಿಂಜೆಯಿಂದ ಬಂದ ಹುಡುಗಿಯೊಬ್ಬಳಿದ್ದಳು. ನನ್ನ ಕ್ಲಾಸಿನವಳು, ಲೆಕ್ಕ ಹೇಳಿಕೊಟ್ಟು ನನ್ನನ್ನು ಪಾಸು ಮಾಡಿಸುತ್ತಿದ್ದವಳು ಅವಳೇ. ಅವಳ ಮನೆಯವರು ಅದೇ ಧಣಿಗಳ ಒಕ್ಕಲು. ನಾವು ಎಸೆಸೆಲ್ಸಿಗೆ ಬಂದ ವರ್ಷ ಧಣಿಗಳು ಅವಳ ಅಪ್ಪನಿಗೆ ಗದ್ದೆ ಬಿಡಲು ಹೇಳಿದರು. ಆತ ಬಿಡದೆ ಕೋರ್ಟಿಗೆ ಹೋದ. ಹುಡುಗಿಯನ್ನು ಹಾಸ್ಟೆಲಿನಿಂದ ಕಳಿಸಿ ಎಂದು ಧಣಿಗಳಿಂದ ಅಪ್ಪಣೆ ಬಂತು.

"ಅದು ಹೇಗೆ? ಇದು ಧರ್ಮದ ಸಂಸ್ಥೆ ಅಲ್ಲವಾ!" ಎಂದು ಅಪ್ಪ ಬಂಟ್ವಾಳದ ವಕೀಲರಲ್ಲಿಗೆ ಓಡಿದರು. ವಕೀಲರು ಪತ್ರ ಓದಿದರು. ಸಾಲ ತೀರುವ ತನಕ ಯಾರನ್ನು ಸೇರಿಸುವುದು, ಯಾರನ್ನು ಬಿಡುವುದು ಎಂಬುದೆಲ್ಲ ಧಣಿಗಳ ಇಷ್ಟ. ತಪ್ಪಿದರೆ ಕಟ್ಟಡವೇ ಅವರದು.

"ನೀವು ಹಾಸ್ಟೆಲನ್ನೇ ಬರೆದುಕೊಟ್ಟಿದ್ದೀರಿ ಮಾರಾಯ್ರೆ. ದಾವೆ ಹಾಕುವ, ಆದರೆ ಅದು ಮುಗಿಯುವ ತನಕ ಉಳಿದ ಮಕ್ಕಳು ಎಲ್ಲಿ ಮಲಗುವುದು?"

ಅಪ್ಪ ಉಳಿದ ಮಕ್ಕಳ ನೆಪ ಹೇಳಿ ಒಬ್ಬಳನ್ನು ಕಳಿಸುವುದೆಂದು ತೀರ್ಮಾನಿಸಿದರು. "ಹಾಗಾದರೆ ಅವಳು ನಮ್ಮ ಮನೆಯಲ್ಲಿರಲಿ" ಎಂದೆ. "ಧಣಿಗಳು ಏನು ತಿಳಿದುಕೊಳ್ಳುತ್ತಾರೆ?" ಎಂದರು. ನನಗೆ ಅಂಥವರ ಮಗಳೆಂದು ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಅವಳನ್ನು ಕರೆದೊಯ್ಯಲು ಅವಳ ಅಪ್ಪ ಬಂದ ದಿನ ನನ್ನ ಅಪ್ಪನೊಂದಿಗೆ ನಾನೂ ಹಾಸ್ಟೆಲಿನ ಜಗಲಿಯಲ್ಲಿದ್ದೆ. ಯಾಕೆ ಕಳಿಸುತ್ತಿದ್ದಾರೆಂದು ಆತನಿಗೆ ಗೊತ್ತಿತ್ತು. ಆದರೂ ತಲೆಯ ಹಾಳೆಟೊಪ್ಪಿ ತೆಗೆದು, "ಇಷ್ಟು ಸಮಯ ಅನ್ನ ಹಾಕಿದ್ದೀರಿ" ಎಂದು ತುಳುವಿನಲ್ಲಿ ಹೇಳಿ ಕೈಮುಗಿದ. ಮಗಳಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಅವಳು ನನ್ನ ಅಪ್ಪನ ಕಾಲಿಗೆ ಬಿದ್ದಳು.

ಕಾಲಿಗೆ ಬಿದ್ದ ಮಕ್ಕಳಿಗೆಲ್ಲ ಹೇಳುವುದನ್ನೇ ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಚೆನ್ನಾಗಿ ಓದು, ಮಗಾ."

ಅವಳು "ಆಯ್ತು" ಎಂದಳು.