ಕೊರಳಲ್ಲಿ ಮುಡಿಪಿಲ್ಲದ ಆನೆ

ಎಸ್ಕಲೇಟರಿನ ಮುಂದೆ ನಿಂತರೆ ಕಾಕುವಿನ ಬಲಗೈ ತಾನಾಗಿಯೇ ಸೀರೆಯ ನಿರಿಗೆಗೆ ಹೋಗುತ್ತಿತ್ತು. ನಿರಿಗೆಯನ್ನು ಒಟ್ಟುಮಾಡಿ ಮುಷ್ಟಿಯಲ್ಲಿ ಹಿಡಿದರೆಂದರೆ ಬೆರಳಿನ ಗೆಣ್ಣುಗಳೆಲ್ಲ ಬೆಳ್ಳಗಾಗುತ್ತಿದ್ದವು. ಇಳಕಲ್ ಸೀರೆಯ ಕೆಳಗೆ ಗಂಡಸರ ಕಪ್ಪು ಬೂಟು, ಮೇಲೆ ಮಗ ಹಾಕಿಕೊಂಡು ಬಿಟ್ಟಿದ್ದ ಕಂದು ಕಾರ್ಡಿಗನ್. ಮೆಟ್ಟಿಲುಗಳು ನೆಲದೊಳಗಿಂದ ಹುಟ್ಟಿ ಹುಟ್ಟಿ ಬರುವುದನ್ನು ದಿಟ್ಟಿಸುತ್ತ, "ನನಗ ಅಂಜಿಕಿ ಬರ್ತದವಾ" ಎನ್ನುತ್ತಿದ್ದರು. ಬೇರೆಯವರು ಹಸಿವಾಗಿದೆ ಎಂದು ಹೇಳುತ್ತಾರಲ್ಲ, ಅಷ್ಟೇ ಸಹಜವಾಗಿ.

ಕಾಕು ನಮ್ಮ ಸಂಬಂಧಿಕರಲ್ಲ. ತೊಂಬತ್ತರ ದಶಕದಲ್ಲಿ ಅಪ್ಪನಿಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕಿ, ನಾನು ಬೆಂಗಳೂರಿನ ಮೂರನೇ ಕ್ಲಾಸು ಬಿಟ್ಟು ಬಂದಾಗ, ಕಿಂಗ್ಸ್‌ಬರಿಯಲ್ಲಿ ನಮಗೆ ಸಿಕ್ಕ ಮನೆಯ ಕೆಳಗಿನ ಫ್ಲಾಟಿನಲ್ಲಿದ್ದವರು. ಧಾರವಾಡದವರು. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ ಲಂಡನ್ನಿನ ಇನ್ನೊಂದು ತುದಿಯ ಸಟನ್ನಿನಲ್ಲಿದ್ದ. ಆ ಕಡೆ ಚಿಕ್ಕಮ್ಮನಿಗೆ ಅನ್ನುವ ಹಾಗೆ ಎಲ್ಲರೂ ಕಾಕು ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಾನು ಕಂಡ ಮನುಷ್ಯರಲ್ಲಿ ಅವರಷ್ಟು ಪುಕ್ಕಲರು ಇನ್ನೊಬ್ಬರಿಲ್ಲ. ನಾಯಿ ಕಂಡರೆ ರಸ್ತೆ ದಾಟುತ್ತಿದ್ದರು. ಫೋನಿನಲ್ಲಿ ಯಂತ್ರದ ದನಿ ಕೇಳಿದರೆ ರಿಸೀವರನ್ನು ಕೆಂಡ ಮುಟ್ಟಿದವರ ಹಾಗೆ ಇಟ್ಟುಬಿಡುತ್ತಿದ್ದರು. ಕೌನ್ಸಿಲ್‌ನಿಂದ ಸರ್ಕಾರಿ ಕಂದು ಲಕೋಟೆ ಬಂದರೆ ಅದನ್ನು ಒಡೆಯಲು ನಮ್ಮ ಅಮ್ಮನೇ ಇಳಿದು ಹೋಗಬೇಕು. ಅಮ್ಮ ನಕ್ಕರೆ ಕಾಕುವಿಗೆ ಬೇಸರವೇನೂ ಇಲ್ಲ. ಅಂಜಿಕೆಯನ್ನು ಮುಚ್ಚಿಡಬೇಕಾದ ವಸ್ತು ಎಂದು ಅವರು ತಿಳಿದೇ ಇರಲಿಲ್ಲ.

ನನ್ನ ಕ್ಲಾಸಿನಲ್ಲಿ ಒಂದು ಬಟ್ಟೆಯ ಆನೆ ಇತ್ತು. ಬೂದು ಬಣ್ಣ, ಒಂದು ಕಿವಿ ಇನ್ನೊಂದಕ್ಕಿಂತ ದೊಡ್ಡದು. ವಾರಾಂತ್ಯಕ್ಕೆ ಒಬ್ಬೊಬ್ಬರ ಮನೆಗೆ ಹೋಗಿ ಬರುವುದು ಅದರ ಕೆಲಸ. ಆ ವರ್ಷ ನಮ್ಮ ಟೀಚರ್ ಅದನ್ನು ಜರ್ಮನಿಯ ಒಂದು ಶಾಲೆಗೆ ಕಳಿಸಲು ನಿರ್ಧರಿಸಿದ್ದರು. ಅಲ್ಲಿಯ ಮಕ್ಕಳ ಮನೆಗಳಲ್ಲಿ ಸರದಿಯ ಮೇಲೆ ಉಳಿದುಕೊಂಡು, ಊರು ನೋಡಿ, ಫೋಟೋ ಕಳಿಸಿ, ಬೇಸಗೆ ರಜೆಯ ಹೊತ್ತಿಗೆ ಅದು ವಾಪಸು ಬರಬೇಕು. ಹೊರಡುವ ಮುಂಚಿನ ಕೊನೆಯ ವಾರಾಂತ್ಯ ನನ್ನ ಪಾಲಿಗೆ ಬಂತು. ಅಮ್ಮನಿಗೂ ಸಂಭ್ರಮ. ಶನಿವಾರ ಬೆಳಿಗ್ಗೆ ಆನೆಯನ್ನು ಅಡುಗೆಮನೆಯ ಮೇಜಿನ ಮೇಲೆ ಕೂರಿಸಿ, ಅದರ ಮುಂದೊಂದು ತಟ್ಟೆ ಇಟ್ಟು, ದೋಸೆ ಹಾಕಲು ಒಲೆಯ ಕಡೆ ತಿರುಗಿದರು. ತಲೆ ಹಿಡಿದುಕೊಂಡು, ಯಾಕೋ ತುಂಬಾ ನೋಯ್ತಿದೆ ಅಂದರು. ಹಾಗೇ ನೆಲಕ್ಕೆ ಬಿದ್ದರು.

ಆಂಬುಲೆನ್ಸಿನಲ್ಲಿ ಅಪ್ಪನೂ ಹೋದರು. ತಲೆಯೊಳಗೆ ರಕ್ತನಾಳ ಒಡೆದಿದೆ, ಆಪರೇಷನ್ ಆಗಬೇಕು ಎಂಬುದು ದೊಡ್ಡವರ ಪಿಸುಮಾತಿನಿಂದ ನನಗೆ ತಿಳಿಯಿತು. ನನ್ನನ್ನೂ ಆನೆಯನ್ನೂ ಕಾಕುವಿನ ಮನೆಯಲ್ಲಿ ಬಿಟ್ಟಿದ್ದರು. ಕಾಕು ಒಗೆದ ಬಿಳಿ ಬಟ್ಟೆಯೊಂದನ್ನು ಅರಿಶಿನದ ನೀರಿನಲ್ಲಿ ಅದ್ದಿ, ಹೀಟರಿನ ಮೇಲೆ ಒಣಗಿಸಿ, ಅದರ ಒಂದು ತುಂಡಿನಲ್ಲಿ ಊರಿನ ರೂಪಾಯಿ ಇಟ್ಟು ತಿಮ್ಮಪ್ಪನ ಹೆಸರಿನಲ್ಲಿ ಮುಡಿಪು ಕಟ್ಟಿದರು. ಗಂಟು ಎರಡು ಸಲ ಜಾರಿತು. ಅದನ್ನು ದೇವರ ಮುಂದಿಟ್ಟು, ಹೋದಾಕಿ ತಿರುಗಿ ಬರೋತನಕ ಇದನ್ನ ಬಿಚ್ಚಬಾರದು ಎಂದರು.

ಉಳಿದ ತುಂಡನ್ನು ನೋಡಿ ನಾನು ಆನೆಗೂ ಕಟ್ಟಿ ಎಂದು ಹಟ ಹಿಡಿದೆ. ಅದೂ ಒಂಟಿಯಾಗಿ ದೂರ ಹೋಗುತ್ತಿತ್ತಲ್ಲ. ಗೊಂಬಿಗೆ ಮುಡಿಪು ಕಟ್ಟಿದ್ದು ನಾ ಎಲ್ಲೂ ಕೇಳಿಲ್ಲ ಎಂದು ಕಾಕು ಅನುಮಾನಿಸಿದರು. ಕೊನೆಗೆ ನನ್ನ ಮುಖ ನೋಡಿ, ನಾಲ್ಕು ಅಕ್ಕಿಕಾಳು ಇಟ್ಟು, ಅದರ ಕೊರಳಿಗೂ ಒಂದು ಹಳದಿ ಗಂಟು ಬಿಗಿದರು. ಒಂದೇ ಬಟ್ಟೆಯ ಎರಡು ತುಂಡು. ಎಂಟು ವರ್ಷದ ನನ್ನ ತಲೆಯಲ್ಲಿ ಆ ಕ್ಷಣವೇ ಎರಡೂ ಒಂದೇ ಹರಕೆಯಾಗಿ ಹೋದವು. ಆನೆಯ ಗಂಟು ಇರುವವರೆಗೆ ಅಮ್ಮ ಇರುತ್ತಾರೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಆಪರೇಷನ್ ಆಯಿತು, ಅಮ್ಮನಿಗೆ ಎಚ್ಚರವಾಗಲಿಲ್ಲ. ಆ ವಾರ್ಡಿನೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಅಪ್ಪ ಸಂಜೆ ಆಸ್ಪತ್ರೆಯಿಂದ ಬಂದು ನನ್ನ ತಲೆ ಸವರಿ, ಅಮ್ಮ ಚೆನ್ನಾಗಿದಾರೆ ಪುಟ್ಟಿ, ನಿದ್ದೆ ಮಾಡ್ತಿದಾರೆ ಎನ್ನುತ್ತಿದ್ದರು. ಹಾಗೆ ಹೇಳುವಾಗ ಗೋಡೆ ನೋಡುತ್ತಿದ್ದರು. ವಾರಗಟ್ಟಲೆ ಯಾರಾದರೂ ನಿದ್ದೆ ಮಾಡುತ್ತಾರೆಯೇ? ಊರಿನಲ್ಲಿ ತಾತ ತೀರಿಕೊಂಡಾಗಲೂ ನನಗೆ ಹೀಗೇ ನಿದ್ದೆಯ ಕಥೆ ಹೇಳಿದ್ದರು. ಟಾಯ್ಲೆಟ್ಟಿಗೆ ಒಬ್ಬಳೇ ಹೋಗಲು ಹೆದರುತ್ತಿದ್ದೆ. ನಮ್ಮ ಅಡುಗೆಮನೆಗಂತೂ ಕಾಲಿಡುತ್ತಿರಲಿಲ್ಲ. ಫೋನ್ ರಿಂಗಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಅತ್ತ ಆನೆಗೆ ಮಾತ್ರ ಊರೂರು ಸುತ್ತುವ ಯೋಗ. ಅಂಚೆಯಲ್ಲಿ ಫೋಟೋಗಳು ಬರುತ್ತಿದ್ದವು, ಟೀಚರ್ ಅವನ್ನು ಗೋಡೆಗೆ ಅಂಟಿಸುತ್ತಿದ್ದರು. ರೈನ್ ನದಿಯ ದೋಣಿಯಲ್ಲಿ ಯಾರದೋ ಅಜ್ಜನ ತೊಡೆಯ ಮೇಲೆ ಆನೆ. ಕಲೋನಿನ ದೊಡ್ಡ ಚರ್ಚಿನ ಮೆಟ್ಟಿಲ ಮೇಲೆ, ಇಬ್ಬರು ಹುಡುಗಿಯರ ನಡುವೆ ಆನೆ. ಆಲೂಗಡ್ಡೆ ರೊಟ್ಟಿಯ ಮುಂದೆ ಕರವಸ್ತ್ರ ಕಟ್ಟಿಕೊಂಡ ಆನೆ. ಉಳಿದ ಮಕ್ಕಳು ನದಿ ನೋಡಿದರು, ಚರ್ಚು ನೋಡಿದರು. ನಾನು ಕೊರಳು ನೋಡುತ್ತಿದ್ದೆ. ಹಳದಿ ಗಂಟು ಕಂಡರೆ ಆ ದಿನದ ಊಟ ಗಂಟಲಲ್ಲಿ ಇಳಿಯುತ್ತಿತ್ತು.

ಒಂದು ದಿನ ಬಂದ ಫೋಟೋದಲ್ಲಿ ಆನೆಯನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಕಿವಿಗಳಿಂದ ತೂಗುಹಾಕಿದ್ದರು. ಎರಡೂ ಕಿವಿಗೆ ಕ್ಲಿಪ್ಪು, ಸೊಂಡಿಲಿನಿಂದ ನೀರು ತೊಟ್ಟಿಕ್ಕುತ್ತಿದೆ. ಆ ಮನೆಯ ತಾಯಿ ಪಾಪ ಆನೆ ಕೊಳೆಯಾಗಿದೆಯೆಂದು ಒಗೆದಿದ್ದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಕೊರಳಲ್ಲಿ ಏನೂ ಇರಲಿಲ್ಲ.

ನನಗೆ ಅಳು ಬರಲಿಲ್ಲ. ಕೈಬೆರಳುಗಳು ನನ್ನವಲ್ಲ ಅನ್ನಿಸಿತು. ಅಮ್ಮ ಸತ್ತಿದ್ದಾರೆ, ಇವರೆಲ್ಲ ಸೇರಿ ನನ್ನಿಂದ ಮುಚ್ಚಿಟ್ಟಿದ್ದಾರೆ ಎಂಬುದು ಖಚಿತವಾಯಿತು. ಮಧ್ಯಾಹ್ನ ಕರೆದುಕೊಂಡು ಹೋಗಲು ಬಂದ ಕಾಕು ಗೇಟಿನಲ್ಲೇ ಹಿಡಿದು ಕೇಳಿದರು. "ಯಾಕವಾ, ಮಾರಿ ಯಾಕ ಹಿಂಗಾಗ್ಯದ?"

ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಒಂದೇ ಬಟ್ಟೆ, ಎರಡು ಗಂಟು, ಒಗೆದ ಆನೆ. ಬೇರೆ ಯಾರೇ ಆಗಿದ್ದರೂ ಹುಚ್ಚು ಹುಡುಗಿ ಎಂದು ನಕ್ಕುಬಿಡುತ್ತಿದ್ದರು. ಕಾಕುವಿನ ಮುಖದ ರಕ್ತವೇ ಇಳಿದುಹೋಯಿತು. ಬಿಚ್ಚಿಬಿಟ್ಟರೇನು ಎಂದು ಎರಡು ಸಲ ಕೇಳಿದರು. ಆ ಬಟ್ಟೆಯನ್ನು ಅರಿಶಿನದಲ್ಲಿ ಅದ್ದಿದವರು ಅವರು, ಹರಿದವರೂ ಅವರೇ. ದೊಡ್ಡವರೊಬ್ಬರು ಹಾಗೆ ಹೆದರಿದ್ದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ನನ್ನ ಭಯ ಇನ್ನೂ ಹೆಚ್ಚಬೇಕಿತ್ತು. ಹೆಚ್ಚಿತು ಕೂಡ. ಆದರೆ ಅದು ಈಗ ನನ್ನೊಬ್ಬಳದಾಗಿರಲಿಲ್ಲ.

ಕಾಕು ಎದ್ದರು. "ಮನ್ಯಾಗ ಕೂತು ಅಂಜೂದಕ್ಕಿಂತ, ನಡಿ, ನೋಡೇ ಬರೋಣು."

ಅವರು ಮಗನ ಜೊತೆಯಿಲ್ಲದೆ ಟ್ಯೂಬ್ ರೈಲು ಹತ್ತಿದವರೇ ಅಲ್ಲ. ಕಿಂಗ್ಸ್‌ಬರಿ ಸ್ಟೇಶನ್ನಿನಲ್ಲಿ ಟಿಕೆಟ್ ಕೇಳಿದವಳು ನಾನು. ಬೇಕರ್ ಸ್ಟ್ರೀಟಿನಲ್ಲಿ ಎಸ್ಕಲೇಟರಿನ ಬುಡಕ್ಕೆ ಬಂದಾಗ ಹಿಂದಿನ ಜನ ಗೊಣಗುವಷ್ಟು ಹೊತ್ತು ನಿಂತೇಬಿಟ್ಟರು. ಒಂದು ಕೈಯಲ್ಲಿ ನಿರಿಗೆ, ಇನ್ನೊಂದರಲ್ಲಿ ನನ್ನ ಕೈ. ತಿಮ್ಮಪ್ಪಾ ಅಂದು ಕಾಲಿಟ್ಟರು. ಮೇಲೆ ತಲುಪುವವರೆಗೆ ನನ್ನ ಬೆರಳು ಮುರಿಯುವ ಹಾಗೆ ಹಿಡಿದಿದ್ದರು.

ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದರು, ಮಕ್ಕಳಿಗೆ ಪ್ರವೇಶವಿಲ್ಲ. ಕಾಕು ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ಮಗು ತಾಯಿ ಸತ್ತಳೆಂದು ತಿಳಿದಿದೆ, ತೋರಿಸಿ, ಹೋಗುತ್ತೇವೆ ಎಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು. ಜೋರು ಮಾಡಲಿಲ್ಲ, ಬಾಗಿಲಿಂದ ಅಲುಗಾಡಲೂ ಇಲ್ಲ. ನರ್ಸ್ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ನಮ್ಮನ್ನು ಒಂದು ಗಾಜಿನ ಕಿಟಕಿಯ ಹತ್ತಿರ ಕರೆದೊಯ್ದರು.

ಅಮ್ಮನ ಉದ್ದ ಕೂದಲು ಇರಲಿಲ್ಲ. ಬೋಳಿಸಿದ ತಲೆಗೆ ಬ್ಯಾಂಡೇಜು, ಬಾಯಿಗೆ ಕೊಳವೆ, ಊದಿದ ಮುಖ. ಅದು ಅಮ್ಮ ಎಂದು ಗೊತ್ತಾದದ್ದು ಕಾಲುಂಗುರದಿಂದ. ಓಡಿಹೋಗಬೇಕು ಅನ್ನಿಸಿತು. ಕಾಕು ನನ್ನ ಭುಜ ಹಿಡಿದಿದ್ದರು. ಅಮ್ಮ ಸಾಯ್ತಾರಾ ಎಂದು ಕೇಳಿದೆ.

"ನನಗ ಗೊತ್ತಿಲ್ಲವಾ," ಎಂದರು ಕಾಕು. "ಡಾಕ್ಟರಿಗೂ ಗೊತ್ತಿಲ್ಲಂತ. ಇವತ್ತಂತೂ ಇದ್ದಾಳ. ಎದಿ ನೋಡು, ಏರ್ತದ, ಇಳೀತದ."

ನೋಡಿದೆ. ಏರುತ್ತಿತ್ತು, ಇಳಿಯುತ್ತಿತ್ತು. ಎಷ್ಟು ಹೊತ್ತು ಅದನ್ನೇ ನೋಡುತ್ತ ನಿಂತಿದ್ದೆವೋ ತಿಳಿಯದು. ಕೆಲಸ ಮುಗಿಸಿ ಬಂದ ಅಪ್ಪ, ಶಾಲೆಯ ಯೂನಿಫಾರಮ್ಮಿನಲ್ಲಿದ್ದ ನನ್ನನ್ನು ಅಲ್ಲಿ ಕಂಡು ಕೆಂಡಾಮಂಡಲವಾದರು. ಮಗುವಿಗೆ ತೋರಿಸುವಂಥದ್ದೇ ಇದು ಎಂದು ಕಾಕುವನ್ನು ಕಾರಿಡಾರಿನಲ್ಲೇ ತರಾಟೆಗೆ ತೆಗೆದುಕೊಂಡರು. ಹಿರಿಯರ ಮುಂದೆ ಅಪ್ಪ ದನಿ ಏರಿಸಿದ್ದು ಅದೊಂದೇ ಸಲ. ಕಾಕು ಕಣ್ಣೊರೆಸಿಕೊಂಡರು, ಆದರೆ ತಪ್ಪಾಯಿತು ಅನ್ನಲಿಲ್ಲ.

"ನೀವು ಆರಾಮ ಇದ್ದಾಳ ಅಂದ್ರಿ. ಇಕಿ ಸತ್ತಾಳ ಅಂತ ತಿಳಕೊಂಡ್ಲು. ಖರೇ ಏನದ, ಅದು ಎರಡರ ನಡುವ ಇತ್ತು."

ಅಪ್ಪ ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತರು. ಅವರು ಅತ್ತದ್ದನ್ನು ನಾನು ಅಂದು ಮೊದಲ ಬಾರಿ ನೋಡಿದೆ. ಮರುದಿನದಿಂದ ನಿದ್ದೆಯ ಕಥೆ ನಿಂತಿತು. ಇವತ್ತು ಜ್ವರ ಬಂದಿದೆ, ಇವತ್ತು ಡಾಕ್ಟರ್ ಏನೂ ಹೇಳಲಿಲ್ಲ, ಇವತ್ತು ಬೆರಳು ಅಲುಗಾಡಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದರು. ಭಯ ಹೋಗಲಿಲ್ಲ. ಆದರೆ ಊಟ ಮಾಡುತ್ತಿದ್ದೆ, ಫೋನ್ ರಿಂಗಾದರೆ ಎತ್ತುತ್ತಿದ್ದೆ.

ಬೇಸಗೆಯಲ್ಲಿ ಆನೆ ಪಾರ್ಸೆಲಿನಲ್ಲಿ ಬಂತು, ತಲೆಗೊಂದು ಹಸಿರು ಟೋಪಿ ಹಾಕಿಕೊಂಡು. ಕೊರಳಲ್ಲಿ ಅರಿಶಿನದ ಕಲೆ ಜರ್ಮನಿಯ ಸೋಪಿಗೂ ಬಗ್ಗದೆ ಉಳಿದಿತ್ತು. ನನಗೆ ಅದನ್ನು ಮುಟ್ಟಬೇಕು ಅನ್ನಿಸಲಿಲ್ಲ. ಅಮ್ಮ ಅದಕ್ಕಿಂತ ತಡವಾಗಿ, ಎಲೆ ಉದುರುವ ಕಾಲಕ್ಕೆ ಬಂದರು. ಎಡಗೈ ಮೊದಲಿನಂತೆ ಆಗಲಿಲ್ಲ, ಮಾತು ನಿಧಾನವಾಯಿತು. ಕಾಕು ಬಾಗಿಲಲ್ಲಿ ನಿಲ್ಲಿಸಿ ದೃಷ್ಟಿ ತೆಗೆದು, ಆಮೇಲೆ ಮೂಲೆಯಲ್ಲಿ ಕೂತು ಗೊಳೋ ಎಂದು ಅತ್ತರು. ಇಷ್ಟು ದಿನ ತಾನೆಷ್ಟು ಅಂಜಿದ್ದೆ ಎಂದು ಅಮ್ಮನಿಗೆ ವಿವರವಾಗಿ ವರದಿ ಒಪ್ಪಿಸಿದರು.

ಹತ್ತು ವರ್ಷ ಕಳೆದಿರಬೇಕು. ನಾವು ಪಿನ್ನರಿಗೆ ಮನೆ ಬದಲಾಯಿಸಿದ್ದೆವು, ಕಾಕು ಸಟನ್ನಿನಲ್ಲಿ ಮಗನ ಮನೆ ಸೇರಿದ್ದರು. ಅವರ ಹೊಟ್ಟೆಯಲ್ಲಿ ವಾಸಿಯಾಗದ ಗಡ್ಡೆ ಎಂದು ತಿಳಿದು ನೋಡಲು ಹೋದೆ. ಮಗ ಬಾಗಿಲಲ್ಲೇ ತಡೆದು, ಅಮ್ಮಗ ಅಲ್ಸರ್ ಅಂತ ಹೇಳೇವಿ, ಭಾಳ ಅಂಜಬುರುಕಿ, ಗೊತ್ತಾದ್ರ ತಡಕೊಳ್ಳೋದಿಲ್ಲ ಎಂದ. ಒಳ್ಳೆಯ ಮನುಷ್ಯ, ಕಣ್ಣು ಕೆಂಪಾಗಿದ್ದವು. ಅಲ್ಲಿಯವರೆಗೆ ಬಂದವರೆಲ್ಲ ಆ ಮಾತನ್ನು ಪಾಲಿಸಿದ್ದರು.

ಕಾಕು ಹಾಸಿಗೆಯಲ್ಲಿ ಒಂದು ಹಿಡಿಯಷ್ಟಾಗಿದ್ದರು. ಅಮ್ಮನ ಕೈ ಹೇಗಿದೆ ಎಂದು ವಿಚಾರಿಸಿದರು. ಮಗ ಚಹಾ ತರಲು ಹೋದಾಗ ನನ್ನತ್ತ ತಿರುಗಿದರು.

"ಇದು ಅಲ್ಸರ್ ಅಲ್ಲ. ಹೌದಿಲ್ಲೋ? ನೀ ಹೇಳು."

ಆಸ್ಪತ್ರೆಯ ಗಾಜಿನ ಮುಂದೆ ನಿಂತಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಅವರ ಮಗನ ಕೆಂಪು ಕಣ್ಣು ನೆನಪಾಯಿತು. ಆದರೂ, ಅಲ್ಸರ್ ಅಲ್ಲ ಕಾಕು, ಇದು ವಾಸಿಯಾಗೋದಿಲ್ಲವಂತೆ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಅಳು ಬಂತು.

ಕಾಕು ಕಿರುಚಲಿಲ್ಲ. ಕೈ ಚಾಚಿ, ನನ್ನನ್ನು ಹಾಸಿಗೆಯ ಅಂಚಿಗೆ ಎಳೆದುಕೊಂಡರು.

"ಎಲ್ಲಾರೂ ನನ್ನ ನಗಿಸ್ಕೋತ ಕೂಡ್ತಿದ್ರು," ಎಂದರು. "ನಾ ಒಬ್ಬಾಕೀನೇ ಅಂಜ್ಕೋತ ಬಿದ್ದಿದ್ದೆ."

ನನಗೂ ಅಂಜಿಕೆಯಾಗ್ತಿದೆ ಎಂದೆ. ಹೂಂ, ಇತ್ತಾಗ ಸರಿದು ಕೂಡು ಎಂದು ಜಾಗ ಮಾಡಿಕೊಟ್ಟರು.