ಒಂದು ತಟ್ಟಿದರೆ ನಿಲ್ಲು

ಬೆಳಗಿನ ಆರು ಗಂಟೆ. ಚಾಂಪಿಯನ್ ರೀಫ್ಸ್‌ನಲ್ಲಿ, ಚಿನ್ನದ ಗಣಿಯ ಕೆಲಸಗಾರರಿಗೆಂದು ಕಟ್ಟಿದ್ದ ಲೈನ್ ಮನೆಯೊಂದರ ಮುಂದೆ ಇಪ್ಪತ್ತೊಂಬತ್ತರ ಸುಮಿತಾ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಹಲಗೆಯ ಮೇಲೆ ಮೆಲ್ಲಗೆ ಮೂರು ಸಲ ತಟ್ಟುತ್ತಾಳೆ. ಜಗಲಿಯಲ್ಲಿ ಕೂತ, ತಾತನ ಪಾತ್ರದ ಮುನಿಸ್ವಾಮಪ್ಪ ಟೀ ಲೋಟ ಎತ್ತುತ್ತಾರೆ. ಮೊಮ್ಮಗಳ ಪಾತ್ರದ ಸುಮಿತಾ ಹೋಗಿ ಪಕ್ಕದಲ್ಲಿ ಕೂರುತ್ತಾಳೆ. ಇವಳ ಚಿತ್ರೀಕರಣದಲ್ಲಿ ಯಾರೂ 'ಆ್ಯಕ್ಷನ್' ಎಂದು ಕೂಗುವುದಿಲ್ಲ.

ಅಷ್ಟರಲ್ಲಿ ಹಾಲಿನ ಮಂಗಮ್ಮನ ಕ್ಯಾನು ಬಾಗಿಲಿಗೆ ತಾಗಿ 'ಟಕ್' ಎನ್ನುತ್ತದೆ. ಲೋಟ ತುಟಿಯ ಹತ್ತಿರವೇ ನಿಲ್ಲುತ್ತದೆ.

"ಏನ್ ತಾತ, ಕಲ್ಲಾಗ್ಬಿಟ್ಟೆ?"

"ಒಂದ್ ಒಡೆತ ಬಿತ್ತಲ್ಲಮ್ಮಾ! ಮೂರು ಬೀಳೋಗಂಟ ನಾನು ಅಲ್ಲಾಡಲ್ಲ."

ಮಂಗಮ್ಮ ನಗುತ್ತಾಳೆ. ಸುಮಿತಾ ನಗುವುದಿಲ್ಲ. ಜಗಲಿಯ ಮೇಲೆ ಮೂರು ಸಲ ತಟ್ಟುತ್ತಾಳೆ. ತಾತ ಟೀ ಕುಡಿಯುತ್ತಾರೆ. ಆ ದೃಶ್ಯ ಹಾಗೆಯೇ ಚಿತ್ರದಲ್ಲಿ ಉಳಿಯುತ್ತದೆ.

ಈ ಲೆಕ್ಕ ಕಲಿಸಿದವರು ಮುನಿಸ್ವಾಮಪ್ಪನವರೇ. ಗಣಿಯಲ್ಲಿ ಇಪ್ಪತ್ತೆರಡು ವರ್ಷ ಅವರು, ಜನರನ್ನು ಆಳಕ್ಕೆ ಇಳಿಸಿ ಹತ್ತಿಸುವ ಲಿಫ್ಟಿನ ಗಂಟೆ ಹೊಡೆದು ಅದನ್ನು ನಡೆಸುವವರಿಗೆ ಸನ್ನೆ ಕೊಟ್ಟರು. ಒಂದು ಎಂದರೆ ನಿಲ್ಲು. ಮೂರು ಎಂದರೆ ಒಳಗೆ ಜನ ಇದ್ದಾರೆ, ಜೋಪಾನವಾಗಿ ನಡೆಸು.

ಸುಮಿತಾಗೆ ಆಟಿಸಂ ಇದೆ. ದೊಡ್ಡ ಸದ್ದು ಅವಳಿಗೆ ಏಟು ಬಿದ್ದ ಹಾಗೆ. ಶಾಲೆಯ ಗಂಟೆ ಬಾರಿಸಿದಾಗಲೆಲ್ಲ ಬೆಂಚಿನ ಕೆಳಗೆ ಕೂರುತ್ತಿದ್ದವಳು ಏಳನೇ ಕ್ಲಾಸಿಗೇ ಮನೆಯಲ್ಲಿ ಉಳಿದಳು. ತಾಯಿ ಆದಿಲಕ್ಷ್ಮಮ್ಮ ಬಂಗಾರಪೇಟೆಯ ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತ ಅವಳಿಗೊಂದು ಮೊಬೈಲ್ ಕೊಡಿಸಿದರು. ನಾಟಕ ಆಡಲು ಹೋದರೆ, ಮುಖ ನೋಡಿ ಮಾತಾಡುವುದಿಲ್ಲವೆಂದು ತಂಡದವರು ವಾಪಸು ಕಳಿಸಿದರು. ಅಳುತ್ತಿದ್ದವಳಿಗೆ ಪಕ್ಕದ ಮನೆಯ ಮುನಿಸ್ವಾಮಪ್ಪ ಹೇಳಿದ್ದು ಇಷ್ಟೇ: "ಗಣಿ ಒಳಗೆ ನಾವೇನು ಮುಖ ನೋಡ್ಕೊಂಡಾ ಕೆಲ್ಸ ಮಾಡಿದ್ದು? ಕತ್ಲಲ್ಲಿ ಕಿವೀನೇ ಕಣ್ಣು ಕಣ್ ಮಗಾ."

ಅಲ್ಲಿಂದ ಆ ಮೊಬೈಲಿನಲ್ಲೇ ನಾಲ್ಕು ಕಿರುಚಿತ್ರಗಳಾಗಿವೆ. ನಾಲ್ಕರಲ್ಲೂ ಅವಳದೇ ನಟನೆ, ಅವಳದೇ ನಿರ್ದೇಶನ. ಬಿಡುವಿನ ದಿನ ಸುತ್ತಲಿನ ಹಳ್ಳಿಗಳಿಗೆ ಹೋಗಿ, ತನ್ನಂಥ ಮಕ್ಕಳಿರುವ ಮನೆಗಳಲ್ಲಿ ಕೂರುತ್ತಾಳೆ. "ಬೈಬೇಡಿ. ಮೊದ್ಲು ಟಿವಿ ಸದ್ದು ಕಮ್ಮಿ ಮಾಡಿ" ಎನ್ನುತ್ತಾಳೆ. ಸಿನಿಮಾ ನೋಡಲು ಮಕ್ಕಳನ್ನು ಎಲ್ಲಿಗೂ ಕರೆದೊಯ್ಯಲಾಗದು ಎಂದು ತಾಯಂದಿರು ಹೇಳಿದ್ದೇ ಅವಳ ತಲೆಯಲ್ಲಿ ಕೂತಿತು.

ಹಾಗಾಗಿ ಈ ಭಾನುವಾರ ಬಂಗಾರಪೇಟೆಯ ಸಣ್ಣ ಛತ್ರವೊಂದರಲ್ಲಿ ಅವರಿಗೆಂದೇ ಪ್ರದರ್ಶನ. ಛತ್ರದ ಸುಬ್ರಮಣಿ ಮೊದಲೇ ಎಚ್ಚರಿಸಿದ್ದಾರೆ: "ಗಲಾಟೆ ಆದ್ರೆ ಇದೇ ಕೊನೆ ಕಣಮ್ಮ." ಸುಮಿತಾ ಎರಡು ದಿನ ಸರಿಯಾಗಿ ಉಂಡಿಲ್ಲ.

ಹತ್ತೊಂಬತ್ತು ಮನೆಯವರು ಬಂದಿದ್ದಾರೆ. ದೀಪ ಆರಿಸಿಲ್ಲ. ಸುಮಿತಾ ಗೋಡೆ ನೋಡುತ್ತ ಹೇಳುತ್ತಾಳೆ: "ತಡ್ಕೊಳಕ್ಕೆ ಆಗ್ದಿದ್ರೆ ಕುರ್ಚಿಗೆ ಒಂದ್ಸಲ ತಟ್ಟಿ, ನಿಲ್ಲಿಸ್ತೀನಿ. ಮೂರು ತಟ್ಟಿದ್ರೆ ಮತ್ತೆ ಆಕ್ತೀನಿ."

ಎರಡನೇ ನಿಮಿಷಕ್ಕೆ ಹತ್ತು ವರ್ಷದ ನವ್ಯ ತಟ್ಟುತ್ತಾಳೆ. ಚಿತ್ರ ನಿಲ್ಲುತ್ತದೆ. ಅವಳ ತಾಯಿ ರಾಧ ರೂಢಿಯಂತೆ ಚೀಲ ಎತ್ತಿಕೊಂಡು, "ಬಾ, ಓಗಣ" ಎಂದು ಎದ್ದುಬಿಡುತ್ತಾರೆ.

"ಕೂತ್ಕೊಳಮ್ಮ" ಎನ್ನುತ್ತಾರೆ ಮುನಿಸ್ವಾಮಪ್ಪ. "ಲಿಫ್ಟ್ ನಿಂತೈತೆ ಅಷ್ಟೇ. ಕೆಟ್ಟೋಗಿಲ್ಲ."

ನವ್ಯ ಛತ್ರದೊಳಗೆ ಎರಡು ಸುತ್ತು ಹಾಕಿ, ಬಂದು ಕೂತು, ಮೂರು ಸಲ ತಟ್ಟುತ್ತಾಳೆ. ಚಿತ್ರ ನಡೆಯುತ್ತದೆ. ಆಮೇಲೆ ಇನ್ನೂ ಎಂಟು ಸಲ ಯಾರೋ ಒಬ್ಬರು ನಿಲ್ಲಿಸುತ್ತಾರೆ. ಯಾರೂ ಎದ್ದು ಮನೆಗೆ ಹೋಗುವುದಿಲ್ಲ. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಸುಬ್ರಮಣಿ ಒಳಗೆ ಬಂದು, ಕಿರುಗುಟ್ಟುತ್ತಿದ್ದ ಫ್ಯಾನನ್ನು ತಾವೇ ಆರಿಸುತ್ತಾರೆ.

"ಮುಂದಿನ್ ತಿಂಗ್ಳು ಯಾವತ್ತಮ್ಮ?" ಕೊನೆಯಲ್ಲಿ ಅವರ ಪ್ರಶ್ನೆ ಇದೊಂದೇ.

"ಮೊದಲ್ನೇ ಭಾನ್ವಾರ" ಎನ್ನುತ್ತಾಳೆ ಸುಮಿತಾ, ವೈರು ಸುತ್ತುತ್ತ, ತಲೆ ಎತ್ತದೆ. ಆದರೆ ಪಕ್ಕದಲ್ಲಿ ನಿಂತ ಆದಿಲಕ್ಷ್ಮಮ್ಮನಿಗೆ ಮಗಳ ದನಿಯಲ್ಲಿರುವ ಖುಷಿ ಗೊತ್ತಾಗುತ್ತದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಅಮ್ಮ, ನಾನು ಅನ್ನೊಂದು ನಿಮಿಷದ್ದು ಮಾಡಿದ್ದೆ" ಎನ್ನುತ್ತಾಳೆ ಸುಮಿತಾ. "ಅವ್ರು ನಿಲ್ಸಿ ನಿಲ್ಸಿ ನಲ್ವತ್ತು ನಿಮಿಷ ನೋಡಿದ್ರು."