ಸಟ್ಟುಗ ಹಿಡಿಯಲು ಕಲಿಸಿದ ಟೆನಿಸ್ ಆಟಗಾರ್ತಿ

"ಅಣ್ಣಾ, ಸಟ್ಟುಗ ಅಷ್ಟು ಗಟ್ಟಿ ಹಿಡೀಬೇಡಿ!" ಎನ್ನುತ್ತ, ನಮ್ಮ ಮುಲುಂಡ್ ಹೋಟೆಲಿಗೆ ದಿನಾ ಬರುವ ಮೇಡಂ ಒಬ್ಬರು ಬಡಿಸುವ ಕಿಟಕಿಯಿಂದ ಕಾವಲಿಯತ್ತ ನೋಡಿದವರೇ ಸೀದಾ ಅಡುಗೆಮನೆಗೇ ನುಗ್ಗಿದರು. ದೋಸೆಯಲ್ಲಿ ಕೂದಲೇನಾದರೂ ಸಿಕ್ಕಿತೋ ಎಂದು ಗಲ್ಲಾದಲ್ಲಿದ್ದ ನಾನು ಗಾಬರಿಯಿಂದ ಹಿಂದೆಯೇ ಓಡಿದೆ.

ದೋಸೆ ಹೊಯ್ಯುವ ನಮ್ಮ ಶೀನಣ್ಣ ಮೊಣಕೈ ನೋವು ತಾಳಲಾರದೆ ಕೆಲಸ ಬಿಟ್ಟು ಊರಿಗೆ ಹೊರಡುವ ಯೋಚನೆಯಲ್ಲಿದ್ದರು. ಮೇಡಂ ಶೀನಣ್ಣನ ಕೈಯಿಂದ ಸಟ್ಟುಗ ಇಸಿದುಕೊಂಡು, ಬೆರಳು ಸಡಿಲಿಸಿ, ಭುಜದಿಂದ ಕೈ ಬೀಸಿ ದೋಸೆ ಮಗುಚಿದರು. ದೋಸೆ ಹರಿದೇ ಹೋಯಿತು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

"ದೋಸೆ ನಂಗೆ ಬರಲ್ಲ, ಮೊಣಕೈ ಮಾತ್ರ ಚೆನ್ನಾಗಿ ಗೊತ್ತು. ಕಾಲೇಜ್ ಟೀಮಲ್ಲಿ ಟೆನಿಸ್ ಆಡ್ತಿದ್ದೆ, ಆಮೇಲೆ ಆರು ವರ್ಷ ಪ್ರೊಫೆಷನಲ್. ನೋವಿದ್ರೂ ಆಡ್ತಾನೇ ಹೋದೆ, ಗೇಮ್ ಖತಂ ಆಯ್ತು. ನಿಮ್ದು ಹಾಗಾಗ್ಬಾರ್ದು."

ಹದಿನೈದು ದಿನ ಶೀನಣ್ಣನಿಗೆ ಕಾವಲಿಯಿಂದ ರಜೆ ಕೊಡಿಸಿ, ಮೇಡಂ ತಾವೇ ಬಂದು ಕೈಗೆ ವ್ಯಾಯಾಮ ಕಲಿಸಿದರು.

ಈಗ ಅವರು ಬಂದು ಕೂತೊಡನೆ ಶೀನಣ್ಣ ಸಟ್ಟುಗವನ್ನು ಟೆನಿಸ್ ರಾಕೆಟಿನಂತೆ ಎತ್ತಿ ತೋರಿಸುತ್ತಾರೆ. ಹಿಡಿತ ಸರಿಯಿದೆಯೆಂದು ಮೇಡಂ ತಲೆಯಾಡಿಸಿದ ಮೇಲೆಯೇ ನಮ್ಮಲ್ಲಿ ದಿನದ ಮೊದಲ ದೋಸೆ.